ಬೆಲ್ಲ ಎತ್ತಿ ಕಲಿತ ರೋಬೋಟು

ಜನವರಿ ೨೩, ಗುರುವಾರ

ಶನಿವಾರ ಮೈಸೂರಿನಲ್ಲಿ ರೋಬೋಟು ಸ್ಪರ್ಧೆ. ನಮ್ಮ ಶಾಲೆಯ ಮಕ್ಕಳ ರೋಬೋಟು ಇವತ್ತು ಸ್ಪಂಜನ್ನು ಹರಿದುಹಾಕಿತು.

ಸ್ಪರ್ಧೆಯಲ್ಲಿ ಅದು ಎತ್ತಿಡಬೇಕಾದ ಚೌಕಗಳು ಇಷ್ಟು ದಿನ ನಮಗೆ ಸಿಕ್ಕಿರಲಿಲ್ಲ. ಅಳತೆ ಸರಿಹೋಗುತ್ತದೆಂದು ಅಭ್ಯಾಸಕ್ಕೆ ಆತಗೂರಿನ ಆಲೆಮನೆಯಿಂದ ನಾನೇ ಅಚ್ಚುಬೆಲ್ಲ ತಂದುಕೊಟ್ಟಿದ್ದೆ. ಬೆಲ್ಲ ಭಾರ, ಜಾರುತ್ತದೆಂದು ಮಕ್ಕಳು ರೋಬೋಟಿನ ಕೈಯನ್ನು ಬಿಗಿ ಮಾಡುತ್ತಲೇ ಹೋದರು. ಇವತ್ತು ಶಾಲೆಗೆ ನಿಜವಾದ ಚೌಕಗಳು ಬಂದವು. ಸ್ಪಂಜಿನವು, ಹಗುರ.

"ಬೆಲ್ಲ ತಂದೋಳು ನಾನೇ ಅಲ್ವಾ" ಎಂದೆ.

"ತಿಂದೋರು ನಾವು ಕಣವ್ವ, ಸುಮ್ಕಿರು" ಎಂದಳು ಮಗಳು ತನುಜ.

ಕೈ ಸಡಿಲಿಸಿದರು, ಚೌಕ ಬಿತ್ತು. ಕೊಂಚ ಬಿಗಿ ಮಾಡಿದರು, ಚಪ್ಪಟೆಯಾಯಿತು. ಕಲಿಸುವ ಜಯಪ್ರಕಾಶ್ ಮೇಷ್ಟ್ರು ಗಡ್ಡ ಕೆರೆದುಕೊಂಡು ಕೂತಿದ್ದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನೇನು ಹೇಳಲಿ? ಕತ್ತಲಾಗುವ ಹೊತ್ತಿಗೆ ಒಂದು ಸಲ ಚೌಕ ಕೈಯಲ್ಲಿ ನಿಂತಿತು. ಮಕ್ಕಳೆಲ್ಲ ಕೂಗಿಕೊಂಡರು.

"ಇನ್ನೊಂದ್ಸಲ ಎತ್ಸಿ ನೋಡ್ರಪ್ಪ" ಎಂದೆ.

"ಬ್ಯಾಡ ಬುಡವ್ವ. ನಿಂತದೆ ಅನ್ಕೊಂಡೇ ಮನಗಾನ" ಎಂದು ತನುಜ ಸ್ವಿಚ್ಚು ಆರಿಸಿದಳು.

ಅವಳಿಗೇನೋ ನಿದ್ದೆ ಬಂದಿದೆ. ನನಗೆ ಮಾತ್ರ, ಆ ಇನ್ನೊಂದು ಸಲ ಎತ್ತಿದ್ದರೆ ನಿಲ್ಲುತ್ತಿತ್ತೋ ಬೀಳುತ್ತಿತ್ತೋ ಎಂದು ಕಣ್ಣು ಮುಚ್ಚಲಾಗುತ್ತಿಲ್ಲ.