ಅಯ್ಯನವರ ಊಟಕ್ಕೆ ಮೊದಲು

ಮೆಣಸಗಿ
ಶ್ರಾವಣ ಸೋಮವಾರದ ಮರುದಿನ

ಗಜೇಂದ್ರಗಡದ ನನ್ನ ತಿಪ್ಪವ್ವಕ್ಕನಿಗೆ ತಂಗಿ ನೀಲವ್ವನ ಶರಣು.

ನಿನ್ನೆ ಸಂಜೆ ನೀನು ಸಿಟ್ಟಿಗೆದ್ದು ಫೋನು ಅರ್ಧಕ್ಕೇ ಇಟ್ಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದವನ್ನಾದರೂ ಪೂರ್ತಿ ಓದುತ್ತೀ. "ಅಯ್ಯಾರು ಉಣ್ಣೂಕಿಂತ ಮೊದ್ಲ ನೀ ಉಂಡಿ ಅಂತಲ್ಲ, ಅವ್ವ ಇದ್ದಿದ್ರ ಏನಂತಿದ್ಲು?" ಎಂದು ಕೇಳಿದೆ. ಹೌದು, ಉಂಡೆ. ಯಾಕೆಂದು ಕೇಳು.

ಶ್ರಾವಣ ಸೋಮವಾರ ಮನೆಗೆ ಬರುವ ಜಂಗಮ ಅಯ್ಯನವರ ಪಾದಪೂಜೆಯಾಗಿ, ಅವರು ಉಂಡ ಮೇಲೆಯೇ ಮನೆಯ ಹೆಂಗಸರು ತುತ್ತು ಎತ್ತಬೇಕು. ಅವ್ವ ನಡೆಸಿದ್ದನ್ನು ನಾನೂ ತಪ್ಪಿಸಿದವಳಲ್ಲ. ಆದರೆ ನನ್ನ ಸಕ್ಕರೆ ಕಾಯಿಲೆಗೆ ಗುಳಿಗೆ ಸಾಲದೆ ಈಗ ಇನ್ಸುಲಿನ್ ಸೂಜಿ ಬಂದಿದೆ. "ಸೂಜಿ ಮಾಡ್ಕೊಂಡ ಮ್ಯಾಲ ಉಣ್ಣಾಕ ತಡಾ ಮಾಡಬ್ಯಾಡ್ರಿ" ಎಂದು ರೋಣದ ದವಾಖಾನೆಯ ನರ್ಸ್ ಹೇಳಿ ಕಳಿಸಿದ್ದಳು.

ಹೋದ ವಾರದ ಸೋಮವಾರ ಅಯ್ಯನವರು ಇನ್ನೇನು ಬಂದೇಬಿಟ್ಟರು ಎಂದುಕೊಂಡು ಸೂಜಿ ಚುಚ್ಚಿಕೊಂಡೆ. ಅವರ ಸುಳಿವೇ ಇಲ್ಲ. ಹೋಳಿಗೆ ಲಟ್ಟಿಸುತ್ತಿದ್ದಂತೆ ಮೈಯೆಲ್ಲ ಬೆವರಿ, ಕೈ ನಡುಗಿ, ಒಲೆಯ ಮುಂದೆ ಕುಸಿದು ಕೂತೆ. ಬೆಂದ ಹೋಳಿಗೆ ಕೈಗೆಟುಕುವಲ್ಲೇ ಇತ್ತು, ಬಾಯಿಗೆ ಹಾಕಿಕೊಳ್ಳಲಿಲ್ಲ. ನಮ್ಮ ಮನೆಯವರು ಸಕ್ಕರೆ ನೀರು ತಂದರೆ ಹಲ್ಲು ಕಚ್ಚಿ "ನೇಮ ಕೆಡತೈತಿ" ಎಂದೆನಂತೆ.

ಅಷ್ಟರಲ್ಲಿ ಅಯ್ಯನವರು ಬಂದರು. ಕಾಲು ತೊಳೆಯಲೂ ನಿಲ್ಲದೆ ಒಳಗೆ ಬಂದು ಲೋಟ ಇಸಿದುಕೊಂಡರು. "ಕುಡಿ ಯವ್ವಾ, ಇದನ್ನ ಪಾದೋದಕ ಅಂತ ತಿಳಕೊ!" ಎಂದು ಗದರಿದರು. ಕುಡಿದೆ.

ಕಣ್ಣು ತಿಳಿಯಾದ ಮೇಲೆ ಅಂಜುತ್ತ, "ತಪ್ಪಾತ್ರಿ ಅಪ್ಪಾರ, ನಿಮಗಿಂತ ಮೊದ್ಲ..." ಎಂದೆ. ಅವರು ನಕ್ಕುಬಿಟ್ಟರು.

"ಎಲ್ಲೀ ಮೊದ್ಲ? ನಾ ಮನ್ಯಾಗ ರೊಟ್ಟಿ ತಿಂದಽ ಬಂದೀನಿ. ನನಗೂ ಸಕ್ಕರಿ ಬ್ಯಾನಿ ಐತಿ. ನೀವೆಲ್ಲಾ ಹೋಳಿಗಿ ಬಡಿಸ್ಕೋತ ಕುಂತ್ರ ನಾ ಉಳಿಯೂದು ಹ್ಯಾಂಗ?"

ನಮ್ಮ ಮನೆಯವರು ಕಂಬ ಹಿಡಿದುಕೊಂಡು ನಕ್ಕರು. ಅಂಜಿಕೆ ಮರೆತು ನಾನೂ ನಕ್ಕುಬಿಟ್ಟೆ.

ನಿನ್ನೆ ಲಿಂಗಪೂಜೆ ಮುಗಿಸಿ, ಸೂಜಿ ಮಾಡಿಕೊಂಡು, ರೊಟ್ಟಿ ಪಲ್ಯ ಉಂಡೆ. ಅಯ್ಯನವರು ತಡವಾಗಿಯೇ ಬಂದರು, ಬರಲಿ. ಮೊದಲೆಲ್ಲ ಪೂಜೆ ಎಷ್ಟೊತ್ತಿಗೆ ಮುಗಿದೀತು ಎಂದು ಹೊಟ್ಟೆ ಕಾಯುತ್ತಿತ್ತು. ನಿನ್ನೆ ಅವರು ಹೇಳಿದ ಮಂತ್ರ ಪೂರ್ತಿ ಕಿವಿಗೆ ಬಿತ್ತು. ಶಿವ ಮುನಿದಿದ್ದರೆ ಇಷ್ಟು ಸಮಾಧಾನ ಕೊಡುತ್ತಿದ್ದನೇ, ಅಕ್ಕಾ?

ನಿನ್ನ ಕೈತುತ್ತು ಉಂಡು ಬೆಳೆದವಳು,
ನೀಲವ್ವ

ತಾ.ಕ.: ಶ್ರಾವಣದ ಉಪವಾಸವೆಂದು ನೀನು ಬಿ.ಪಿ. ಗುಳಿಗೆ ಬಿಟ್ಟಿರುವುದನ್ನು ನಿನ್ನ ಸೊಸೆ ಪೂಜಾ ಹೇಳಿದಳು. ಅವಳನ್ನು ಬಯ್ಯಬೇಡ, ಅಳುತ್ತ ಹೇಳಿದಳು. ಇಷ್ಟುದ್ದ ಬರೆದದ್ದು ಅದಕ್ಕೇ. ಇವತ್ತೇ ಅವಳನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋಗಿ ಬಾ. ಮೊದಲು ಗುಳಿಗೆ ನುಂಗು, ಆಮೇಲೆ ಬೇಕಾದಷ್ಟು ದಿನ ನನ್ನ ಮೇಲೆ ಸಿಟ್ಟು ಮಾಡು.