ಎಡರೆಕ್ಕೆಯ ಪಿನ್ನು

ಶ್ರೀಗಂಧದ ಕಾವಲ್
೧೫ ಸೆಪ್ಟೆಂಬರ್ ೨೦೨೫, ಸೋಮವಾರ

ಮುದ್ದಿನ ಅನು,

ರೆಕ್ಕೆ ಮಡಚಿತು ಕಣೇ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಪ್ಪ ಪಕ್ಕದಲ್ಲೇ ಇರುತ್ತಾರೆ. ಅರ್ಧ ಹೇಳಿ ನಿಲ್ಲಿಸುವ ವಿಷಯವಲ್ಲ ಇದು, ಅದಕ್ಕೇ ಕಾಗದ.

ರಾಜಾಜಿನಗರದ ಅಂಗಡಿಯಿಂದ ನಾನೊಂದು ಪ್ಲಾಸ್ಟಿಕ್ ವಿಮಾನ ತಂದು ಜೋಡಿಸುತ್ತಿರುವುದು ನಿನಗೆ ಗೊತ್ತು. ಅಲಿಝೆ ಅಂತ ಅದರ ಹೆಸರು. ನಿಮ್ಮಪ್ಪ ಪ್ರಾಯದಲ್ಲಿ ನೌಕಾಪಡೆಯ ಹಡಗಿನ ಮೇಲೆ ರಿಪೇರಿ ಮಾಡುತ್ತಿದ್ದ ವಿಮಾನ. ನಿಜವಾದದ್ದರ ಎಪ್ಪತ್ತೆರಡರಲ್ಲಿ ಒಂದು ಪಾಲು, ನನ್ನ ಎರಡು ಅಂಗೈ ಮೇಲೆ ಕೂರುತ್ತದೆ. ಹಡಗಿನಲ್ಲಿ ಜಾಗ ಸಾಲದೆಂದು ಅದರ ರೆಕ್ಕೆಗಳನ್ನು ಮೇಲಕ್ಕೆ ಮಡಚಿ ನಿಲ್ಲಿಸುತ್ತಿದ್ದರಂತೆ. ಆದರೆ ಪೆಟ್ಟಿಗೆಯಲ್ಲಿ ಬಂದದ್ದು ಚಾಚಿದ ರೆಕ್ಕೆ. ಮಡಚಿಯೇ ನಿಲ್ಲಿಸಬೇಕೆಂದು ನನಗೆ ಹಟ ಹಿಡಿಯಿತು. ಗಡಿಯಾರ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಚಿಮಟ ಹಿಡಿದ ಕೈ ನನ್ನದು, ಇಷ್ಟಾಗದೇ ಅಂದುಕೊಂಡೆ.

ರೆಕ್ಕೆಯ ಮೇಲೆ ಗರಗಸ ಇಟ್ಟಾಗ ಉಸಿರು ಬಿಗಿಹಿಡಿದಿದ್ದೆ. ಕುಯ್ದು ನೋಡಿದರೆ ಒಳಗೆ ಬರೀ ಟೊಳ್ಳು! ನಿಜವಾದ ವಿಮಾನದಲ್ಲಿ ಅಲ್ಲಿ ಅಡ್ಡಪಟ್ಟಿ, ಕೀಲು, ಎಣ್ಣೆ ಹರಿಯುವ ಕೊಳವೆ ಎಲ್ಲ ಕಾಣಬೇಕು. ಐಸ್‌ಕ್ರೀಮ್ ಡಬ್ಬದ ಮುಚ್ಚಳದಿಂದ ಅಡ್ಡಪಟ್ಟಿ ಕತ್ತರಿಸಿದೆ. ಕೆಟ್ಟ ಚಾರ್ಜರಿನ ವೈರು ಬಿಡಿಸಿ, ಕೂದಲೆಳೆಯಂಥ ತಾಮ್ರದ ತಂತಿ ಬಾಗಿಸಿ ಕೊಳವೆ ಮಾಡಿದೆ. ಎಷ್ಟು ಚೆಂದ ಬಂತೆಂದರೆ ಒಲೆಯ ಮೇಲಿನ ಸಾರು ಎರಡು ಸಲ ಉಕ್ಕಿತು.

ಕೀಲಿನ ಹತ್ತಿರ ಬಂದು ಸಿಕ್ಕಿಹಾಕಿಕೊಂಡೆ. ನನ್ನ ಹತ್ತಿರವಿದ್ದ ಫೋಟೋದಲ್ಲಿ ಅದು ಕಾಣಿಸುತ್ತಲೇ ಇರಲಿಲ್ಲ, ಊಹೆಯ ಮೇಲೆ ಒಂದು ಮಾಡಿ ಕೂರಿಸಿದೆ. ಎರಡು ತಿಂಗಳಿಂದ ನಿಮ್ಮಪ್ಪ ನನ್ನ ಮೇಜಿನ ಕಡೆ ತಲೆ ಹಾಕಿರಲಿಲ್ಲ. ಕಳೆದ ಮಂಗಳವಾರ ಬೆಳಿಗ್ಗೆ ಧೈರ್ಯ ಮಾಡಿ ಅವರ ಕಾಫಿ ಲೋಟದ ಪಕ್ಕ ವಿಮಾನ ಇಟ್ಟೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಕೀಲು ಸರಿ ಇದೆ. ಪಿನ್ನೆಲ್ಲಿ?" ಅಂದರು.

ಯಾವ ಪಿನ್ನು ಅಂದೆ.

"ಮಡಚಿದ ರೆಕ್ಕೆ ಕೆಳಗೆ ಬೀಳ್ದೇ ಇರೋ ಹಾಗೆ ಒಂದು ಪಿನ್ನು ಹಾಕ್ತೀವಿ ಕಣೇ. ಅದು ಹಾಕ್ದೆ ಯಾರೂ ಹತ್ರ ಹೋಗ್ಬಾರ್ದು."

ಕಾಫಿ ಲೋಟ ಪಕ್ಕಕ್ಕೆ ಸರಿಸಿದರು. ನಂತರ ತಾವಾಗಿಯೇ ಹೇಳಿದರು. ಹಡಗಿನಲ್ಲಿ ಅವರ ಜೊತೆ ಮುರುಗೇಶ್ ಎಂಬ ಗೆಳೆಯನಿದ್ದನಂತೆ, ನಮ್ಮ ಹೊಸಹಳ್ಳಿಯವನೇ. ಒಂದು ಬೆಳಿಗ್ಗೆ ಆತ ಕೀಲಿಗೆ ಗ್ರೀಸ್ ಹಚ್ಚಲು ಬಂದು, "ಎಡಗಡೆ ಪಿನ್ನು ಹಾಕಿದ್ಯಾ ಮಚ್ಚಾ?" ಎಂದು ಕೇಳಿದನಂತೆ. ಇವರು ತಿರುಗಿಯೂ ನೋಡದೆ ಹಾಕಿದೀನಿ ಅಂದರಂತೆ. ಹಾಕಿದ್ದು ಬಲಗಡೆ ಮಾತ್ರ. ರೆಕ್ಕೆ ಇಳಿಯಿತು. ಮುರುಗೇಶನ ಬಲಗೈಯ ಮೂರು ಬೆರಳು ಹೋದವು. ವಿಚಾರಣೆಯಲ್ಲಿ ಆತ, ನಾನೇ ಯಾರನ್ನೂ ಕೇಳದೆ ಕೈ ಹಾಕಿದೆ ಎಂದು ಹೇಳಿ ಇವರನ್ನು ಉಳಿಸಿದನಂತೆ. ಇವರು ನೌಕರಿ ಬಿಟ್ಟು ಬಂದು ಹೆಗ್ಗನಹಳ್ಳಿಯ ಲೇತ್ ಶೆಡ್ ಸೇರಿದ್ದು ಅದಕ್ಕೆ. ಮದುವೆಯಾಗಿ ಮೂವತ್ತೇಳು ವರ್ಷ, ನನಗೆ ಈ ಮಾತು ಗೊತ್ತಿರಲಿಲ್ಲ.

"ಅನುಗೆ ವಿಮಾನದ ಕೆಲಸ ಬೇಡ ಅಂದಿದ್ದು ಹೆಣ್ಣು ಅಂತ ಅಲ್ಲ. ಅವಳ ಕೈ ಹೋದ್ರೆ? ಇಲ್ಲಾ, ಅವಳಿಂದ ಇನ್ನೊಬ್ರ ಕೈ ಹೋದ್ರೆ?" ಅಂದರು.

ವಿಮಾನ ರಿಪೇರಿಯ ಕೆಲಸಕ್ಕೆಂದು ನೀನು ಹೈದರಾಬಾದಿಗೆ ಹೊರಟ ದಿನ, ಈ ಮನೆಗೆ ಮತ್ತೆ ಬರಬೇಡ ಎಂದು ಅವರು ಕೂಗಿದಾಗ ನಾನು ಬಾಗಿಲಲ್ಲಿ ಸುಮ್ಮನೆ ನಿಂತಿದ್ದೆ. ಮಗಳಿಗೆ ಸ್ಪ್ಯಾನರ್ ಹಿಡಿಯುವ ಕೆಲಸವೇ ಎಂದು ನನಗೂ ಒಳಗೊಳಗೆ ಅನ್ನಿಸಿತ್ತು. ಅದನ್ನು ಈ ನಾಲ್ಕು ವರ್ಷ ನಿನಗೆ ಹೇಳಿರಲಿಲ್ಲ. ಎಲ್ಲ ಅವರ ಮೇಲೆ ಹಾಕಿ ನಾನು ಒಳ್ಳೆಯವಳಾಗಿದ್ದೆ.

ಮಾರನೆಯ ದಿನ ನೋಡಬೇಕಿತ್ತು ನೀನು! ತಿಂಡಿಗೂ ಮೊದಲೇ ನನ್ನ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂತಿದ್ದರು. ಹೊಲಿಗೆ ಸೂಜಿಯ ತುದಿ ಮುರಿದು, ಅರದಲ್ಲಿ ಉಜ್ಜಿ ಉಜ್ಜಿ ಸಾಸಿವೆಗಿಂತ ಸಣ್ಣ ಪಿನ್ನು ಎರಡು ಮಾಡಿದರು. ದೂರದಿಂದ ಕಾಣಬೇಕೆಂದು ಕೆಂಪು ಬಣ್ಣ. ಪಿನ್ನು ಅಲುಗದಿರಲೆಂದು ನಾನು ಅವರ ಮಣಿಕಟ್ಟು ಹಿಡಿದುಕೊಂಡೆ. ಎಡಗಡೆಯದನ್ನು ಮೊದಲು ಕೂರಿಸಿದರು. ಅಲ್ಲಿಂದ ಈಚೆಗೆ ಬಾಯಿಗೆ ಬೀಗವಿಲ್ಲ ಕಣೇ. ಚಕ್ರದ ಬಣ್ಣ ತಪ್ಪು, ಬಾಲದ ಕೊಕ್ಕೆ ಗಿಡ್ಡ, ಹೊಗೆಯ ಕರೆ ಇನ್ನೂ ಹಚ್ಚು ಎಂದು ನನ್ನನ್ನೇ ಗದರುತ್ತಾರೆ. ನನಗೆ ಖುಷಿಯೋ ಖುಷಿ.

ನಿನ್ನೆ ಕೇಳಿದರು, ಅಲ್ಲಿ ಅನು ರೆಕ್ಕೆ ಕೆಳಗೆ ಹೋಗೋ ಮುಂಚೆ ತಾನೇ ನೋಡ್ಕೋತಾಳಾ, ಬೇರೆಯವರ ಮಾತು ನಂಬ್ತಾಳಾ ಎಂದು. ಅದನ್ನು ನೀವೇ ಕೇಳಿ ಅಂದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಮ್ಮ,
ಲಿಂಗಮ್ಮ

ವಿ.ಸೂ.: ಇಪ್ಪತ್ತೇಳನೇ ತಾರೀಖು ಶನಿವಾರ ರಜೆ ಹಾಕು. ನಿಮ್ಮಪ್ಪ ನಮ್ಮಿಬ್ಬರಿಗೂ ಹೈದರಾಬಾದಿಗೆ ಬಸ್ ಟಿಕೆಟ್ ಮಾಡಿಸಿಕೊಂಡು ಬಂದಿದ್ದಾರೆ. ನಿನಗೆ ಹೇಳಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡರು. ಬಾಗಿಲು ತೆಗೆದಾಗ ಗೊತ್ತಿಲ್ಲದವಳ ಹಾಗೆ ಇರು.