ತಾನಾಗಿ ಬಂದ ಕುಣಿತ

ಶಾಮನೂರು, ದಾವಣಗೆರೆ
೧೬ ನವೆಂಬರ್ ೨೦೨೫

ಪ್ರೀತಿಯ ತಂಗಿ ರೇವತಿಗೆ,

ಹೊಸಪೇಟೆಯಲ್ಲಿ ನೀನು, ಶಿವಕುಮಾರ, ಮಗಳು ಮೂವರೂ ಆರಾಮಿದ್ದೀರೆಂದು ನಂಬಿ ಬರೆಯುತ್ತಿದ್ದೇನೆ. ದೀಪಾವಳಿಗೆ ಬಾ ಎಂದು ನೀನು ಅಷ್ಟು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಸಿಟ್ಟಾಗಬೇಡ. ನಿನ್ನ ದನಿ ಕೇಳಿದರೆ ಅತ್ತುಬಿಡುತ್ತೇನೆಂಬ ಭಯ. ಅದಕ್ಕೇ ಕಾಗದ.

ಕೆ.ಬಿ. ಬಡಾವಣೆಯಲ್ಲಿ ಇಜಾಜ್ ನಡೆಸುವ ನೃತ್ಯತಂಡಕ್ಕೆ ನಾನು ಹೋಗುತ್ತಿದ್ದದ್ದು ನಿನಗೆ ಗೊತ್ತು. ಹಗಲು ಶಾಲೆಯ ಮಕ್ಕಳಿಗೆ ಡ್ಯಾನ್ಸ್ ಕಲಿಸುವುದು, ಸಂಜೆ ಅಲ್ಲಿ ನಾನೇ ವಿದ್ಯಾರ್ಥಿ. ಇಜಾಜ್ ಹೆಜ್ಜೆಗಳನ್ನು ಕಟ್ಟಿಕೊಡುವವನಲ್ಲ. "ಮುಂದೇನು ಅಂತ ಯೋಚಿಸ್ಬ್ಯಾಡ್ರಿ. ಪಕ್ಕದೋರ ಮೈ ಏನು ಹೇಳ್ತೈತೋ ಅದಕ್ಕ ನಿಮ್ಮ ಮೈ ಉತ್ತರ ಕೊಡ್ಲಿ," ಎನ್ನುತ್ತಾನೆ. ಇವತ್ತು ಕುಣಿದದ್ದು ನಾಳೆ ಇರುವುದಿಲ್ಲ. ಎಣಿಕೆ ಹಾಕಿ ಕುಣಿದು ಬೆಳೆದ ನನಗೆ ಅದು ಒಲಿಯಲೇ ಇಲ್ಲ. ನಾನು ಕೈ ಎತ್ತುವ ಮೊದಲೇ ಎತ್ತುತ್ತೇನೆಂದು ಎಲ್ಲರಿಗೂ ಗೊತ್ತಾಗುತ್ತಿತ್ತು.

ಬೇಸಿಗೆಯ ಒಂದು ಸಂಜೆ ಎಲ್ಲರೂ ಅಲ್ಲಾಡದೆ ನಿಂತಿದ್ದಾಗ ನನ್ನ ಎಡಭುಜ ಜಿಗಿಯಿತು. ನಾನು ಜಿಗಿಸಿದ್ದಲ್ಲ. ಇಜಾಜ್ ಹಾಡು ನಿಲ್ಲಿಸಿದ. "ಅಕ್ಕಾ, ಇದು ಎಲ್ಲಿಂದ ಬಂತ್ರಿ? ಇನ್ನೊಮ್ಮೆ ಮಾಡ್ರಿ."

ಮಾಡಲು ಬರಲಿಲ್ಲ.

"ಬ್ಯಾಡ ಬಿಡ್ರಿ. ಅದು ಬಂದಾಗ ಬರ್ಲಿ, ನಾವೇ ಕಾಯ್ತೀವಿ."

ಅಂದಿನಿಂದ ಇಡೀ ತಂಡ ನನ್ನ ಭುಜಕ್ಕಾಗಿ ಕಾಯತೊಡಗಿತು. ನಲವತ್ತರ ಹತ್ತಿರಕ್ಕೆ ಬಂದು ಕೊನೆಗೂ ಕಲಾವಿದೆಯಾದೆ ಅಂದುಕೊಂಡೆ, ರೇವತಿ. ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.

ಹರಿಹರದ ಪ್ರದರ್ಶನದಲ್ಲಿ ಕೈ, ಕುತ್ತಿಗೆ, ಮೊಣಕಾಲು ಎಲ್ಲವೂ ತಮ್ಮಷ್ಟಕ್ಕೆ ತಾವೇ ಹೊರಟವು. ಜೊತೆಯ ಹುಡುಗಿಯರು ಓಡಿ ಬಂದು ನನ್ನ ಭಾರ ಹೊತ್ತರು, ಬಿಟ್ಟರು, ಮತ್ತೆ ಹಿಡಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಮೇಲೆ ಒಬ್ಬ ಮುದುಕಿ ಮೊಮ್ಮಗಳ ಕೈ ಹಿಡಿದು ನನ್ನ ಹತ್ತಿರ ಬಂದಳು. ಅವ್ವನ ತವರಿನ ಪಕ್ಕದ ಮನೆಯ ನೀಲಕ್ಕ.

"ನೀನು ಕರಿಯವ್ವನ ಮಗಳಲ್ಲೇನು? ನಿಮ್ಮವ್ವನೂ ಕಡೀಗೆ ಹಿಂಗೇ ಆಡ್ತಿದ್ಲವ್ವಾ. ಥೇಟ್ ಹಿಂಗೇ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅವ್ವನ ಕಡೆಯ ವರ್ಷಗಳಲ್ಲಿ ನನ್ನನ್ನು ಹಾಸ್ಟೆಲಿಗೆ, ನಿನ್ನನ್ನು ಸೋದರತ್ತೆಯ ಮನೆಗೆ ಕಳಿಸಿದ್ದರು. ಗಾಳಿ ಸೋಕಿದೆ ಎಂದು ಅಪ್ಪ ತಾಯತ ಕಟ್ಟಿಸಿದ್ದು, ಕುಡಿದಿದ್ದಾಳೆ ಎಂದು ಓಣಿಯವರು ನಕ್ಕದ್ದು ರಜೆಗೆ ಬಂದಾಗ ಕಂಡಿದ್ದೆ. ಈಗ ನರಗಳ ಡಾಕ್ಟರ ಹತ್ತಿರ ಹೋದೆ. ರಕ್ತ ಪರೀಕ್ಷೆ ಮಾಡಿಸಿದರು. ಮಿದುಳು ಸವೆಯುತ್ತ ಹೋಗುವ ಕಾಯಿಲೆಯಂತೆ, ಅವ್ವನಿಂದಲೇ ಬಂದದ್ದು. "ವಾಸಿ ಆಗಲ್ಲಮ್ಮ. ಈ ಕುಣಿತ ಕಮ್ಮಿ ಮಾಡೋಕೆ ಗುಳಿಗೆ ಐತೆ, ಅಷ್ಟೇ," ಎಂದರು.

ಇಜಾಜ್‌ಗೆ ಹೇಳಿದೆ. ಅವನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ. "ನಾವೆಲ್ಲ ಅದಕ್ಕ ಚಪ್ಪಾಳೆ ಹೊಡೆದ್ವಲ್ಲಕ್ಕಾ," ಎಂದ.

ಗುಳಿಗೆ ನುಂಗಿದ ಮೇಲೆ ಭುಜ ಸುಮ್ಮನಾಯಿತು. ಅದರ ಜೊತೆಗೆ ಉಳಿದ ಮೈಯೂ ಸುಮ್ಮನಾಯಿತು. ಯಾರಾದರೂ ನನ್ನತ್ತ ಕೈ ಚಾಚಿದರೆ, ಉತ್ತರ ಕೊಡುವ ಹೊತ್ತಿಗೆ ಅವರು ಬೇರೆಲ್ಲೋ ಹೋಗಿರುತ್ತಾರೆ. ನನಗೋಸ್ಕರ ಇಜಾಜ್ ಮೊದಲ ಬಾರಿಗೆ ಹೆಜ್ಜೆಗಳನ್ನು ಕಟ್ಟಿಕೊಟ್ಟ, ಚಿಕ್ಕ ಮಕ್ಕಳಿಗೆ ಹೇಳಿಕೊಟ್ಟ ಹಾಗೆ. ಅವೂ ನೆನಪಿನಲ್ಲಿ ನಿಲ್ಲಲಿಲ್ಲ. ಶಾಲೆ ಬಿಟ್ಟೆ, ತಂಡವನ್ನೂ ಬಿಟ್ಟೆ. "ಬಂದು ಸುಮ್ನೆ ಕೂಡ್ರಿ ಅಕ್ಕಾ," ಎಂದು ಅವನು ಕರೆಯುತ್ತಾನೆ. ಕೂತು ನೋಡುವ ಶಕ್ತಿ ನನಗಿಲ್ಲ.

ನಿನ್ನ ಸಂಸಾರ ತಂಪಾಗಿರಲಿ. ಮಗಳ ಕೆನ್ನೆಗೆ ನನ್ನದೊಂದು ಮುತ್ತು ಕೊಡು.

ನಿನ್ನ ಅಕ್ಕ,
ಆಶಾರಾಣಿ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗಲಿಲ್ಲ. ಡಾಕ್ಟರು ಅಂದು "ಒಡಹುಟ್ಟಿದೋರು ಅದಾರೇನಮ್ಮ?" ಎಂದೂ ಕೇಳಿದ್ದರು. ತಾಯಿಗಿದ್ದರೆ ಮಕ್ಕಳಿಗೆ ಬರುವುದೂ ಬರದಿರುವುದೂ ಸಮಸಮವಂತೆ. ನಿನಗೆ ಬಂದಿರಲಾರದು ಎಂದು ಧೈರ್ಯ ಹೇಳೋಣವೆಂದಿದ್ದೆ. ಮೊನ್ನೆ ನಿನ್ನ ನಾದಿನಿ ಒಂದು ವಿಡಿಯೊ ಕಳಿಸಿದಳು. ನೀನು ಮಗಳಿಗೆ ಜಡೆ ಹೆಣೆಯುತ್ತಿದ್ದೀಯ. ಕೂದಲ ಎಳೆ ಕೈಯಿಂದ ಜಾರುತ್ತದೆ, ನಗುತ್ತೀಯ, ಮತ್ತೆ ಹಿಡಿಯುತ್ತೀಯ, ಮತ್ತೆ ಜಾರುತ್ತದೆ. "ನಮ್ಮ ಅತ್ತಿಗೀ ಬೆರಳೂ ಕುಣೀತಾವ ನೋಡ್ರಿ ಅಕ್ಕಾ," ಎಂದು ಅವಳು ತಮಾಷೆಗೆ ಬರೆದಿದ್ದಾಳೆ. ಪರೀಕ್ಷೆ ಮಾಡಿಸಿಕೋ ಎನ್ನಲೋ ಬೇಡ ಎನ್ನಲೋ ನನಗೆ ತಿಳಿಯುತ್ತಿಲ್ಲ, ರೇವತಿ.